ಅಂಶವೋ ಛೇದವೋ: ಜಾಗತಿಕ ಆರೋಗ್ಯದ ಕೆಲಸಕ್ಕೆ ಹೊರಟವಳೊಬ್ಬಳ ಪದವಿ ಆಯ್ಕೆಯ ಪ್ರಕರಣ ಅಧ್ಯಯನ

ಹಿನ್ನೆಲೆ

2019ರ ಆರಂಭದಲ್ಲಿ ಇಪ್ಪತ್ನಾಲ್ಕು ವರ್ಷದ ಯುವತಿಯೊಬ್ಬಳು ಎರಡು ಪ್ರವೇಶ ಪತ್ರಗಳೊಂದಿಗೆ ನನ್ನನ್ನು ಕಾಣಲು ಬಂದಳು. ಒಂದು ವೈದ್ಯಕೀಯ ಕಾಲೇಜಿನಿಂದ ಬಂದದ್ದು, ಇನ್ನೊಂದು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ನೀಡುವ ವಿಶ್ವವಿದ್ಯಾಲಯದಿಂದ ಬಂದದ್ದು. ಎರಡಕ್ಕೂ ಹತ್ತು ವಾರಗಳೊಳಗೆ ಉತ್ತರ ಕೊಡಬೇಕಿತ್ತು. ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದ್ದ ಆಕೆ, ಮಕ್ಕಳ ಲಸಿಕೆಯ ವ್ಯಾಪ್ತಿಯನ್ನು ಅಳೆಯುವ ಸಮೀಕ್ಷೆಯೊಂದರಲ್ಲಿ ಎರಡು ವರ್ಷ ಕ್ಷೇತ್ರ ಮೇಲ್ವಿಚಾರಕಿಯಾಗಿ ದುಡಿದಿದ್ದಳು. ಆರೋಗ್ಯ ಸೇವೆ ತಲುಪದ ಜನರ ನಡುವೆಯೇ ಮುಂದಿನ ಕೆಲಸ ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಯಾವ ದಾರಿ ಹಿಡಿದು ಹೋಗಬೇಕೆಂಬುದಷ್ಟೇ ಪ್ರಶ್ನೆಯಾಗಿತ್ತು. ಆಕೆಯ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಹೆಸರು ಮತ್ತು ಸ್ಥಳಗಳನ್ನು ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನಾನು ಸಾರ್ವಜನಿಕ ಆರೋಗ್ಯವನ್ನು ಕಲಿಸುವ ಕೆಲಸದಲ್ಲಿರುವುದರಿಂದ ನನ್ನ ತಕ್ಕಡಿ ಒಂದು ಕಡೆಗೆ ವಾಲಿರಬಹುದು ಎಂಬುದನ್ನು ಓದುಗರು ಮೊದಲೇ ತಿಳಿದಿರುವುದು ನ್ಯಾಯ.

ಮೊದಲ ಭೇಟಿಯಲ್ಲಿ ಆಕೆ ಎರಡು ಘಟನೆಗಳನ್ನು ಹೇಳಿದಳು. ವೈದ್ಯಕೀಯ ಓದಬೇಕೆಂಬ ಆಸೆ ಈ ಎರಡರಿಂದಲೇ ಹುಟ್ಟಿತೆಂದು ಆಕೆ ನಂಬಿದ್ದಳು.

ಮೊದಲನೆಯದು ಒಂದು ಆರೋಗ್ಯ ಕೇಂದ್ರದಲ್ಲಿ ನಡೆದದ್ದು. ವಾಂತಿಭೇದಿಯಿಂದ ಬಸವಳಿದ ಹದಿನಾಲ್ಕು ತಿಂಗಳ ಮಗುವನ್ನು ತಾಯಿ ಎತ್ತಿಕೊಂಡು ಬಂದಿದ್ದಳು. ಮಗುವಿನ ಕಣ್ಣುಗಳು ಗುಳಿಬಿದ್ದಿದ್ದವು. ಅಲ್ಲಿದ್ದ ನರ್ಸ್ ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳುಗಳಿಂದ ಮೆಲ್ಲನೆ ಹಿಡಿದೆತ್ತಿ ಬಿಟ್ಟಾಗ ಅದು ಕೂಡಲೇ ಸಮವಾಗಲಿಲ್ಲ, ನಿಧಾನವಾಗಿ ಇಳಿಯಿತು. ಚಮಚ ತುಟಿಗೆ ತಾಗಿದೊಡನೆ ಮಗು ಆತುರದಿಂದ ಹೀರಿಕೊಂಡದ್ದನ್ನು ನೋಡಿ, ಸೂಜಿ ಬೇಕಿಲ್ಲವೆಂದು ತೀರ್ಮಾನಿಸಿದ ನರ್ಸ್ ಓಆರ್‌ಎಸ್ (ಸಕ್ಕರೆ ಮತ್ತು ಲವಣಗಳ ಪುಡಿ) ನೀರಿನಲ್ಲಿ ಕಲಸಿ, ನಾಲ್ಕು ಗಂಟೆಯ ಅವಧಿಯಲ್ಲಿ ಚಮಚ ಚಮಚವಾಗಿ ಕುಡಿಸುವುದನ್ನು ತಾಯಿಗೆ ಹೇಳಿಕೊಟ್ಟರು. ಸಂಜೆಯ ಹೊತ್ತಿಗೆ ಮಗು ಅಳುವಾಗ ಕಣ್ಣೀರು ಬಂತು. "ನಾನು ಲೋಟ ಹಿಡಿದುಕೊಂಡು ನಿಂತಿದ್ದೆ, ಅಷ್ಟೇ. ನನ್ನ ಕೈಗೆ ಏನೂ ಗೊತ್ತಿರಲಿಲ್ಲ" ಎಂದು ಆಕೆ ಹೇಳಿದಳು.

ಎರಡನೆಯದು ಒಂದು ಫ್ರಿಜ್ಜಿನ ಕಥೆ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು; ಬೆಳಿಗ್ಗೆ ಮತ್ತು ಸಂಜೆ ಉಷ್ಣಾಂಶ ನೋಡಿ ಪಟ್ಟಿಯಲ್ಲಿ ಬರೆಯಬೇಕು. ಒಂದು ಕೇಂದ್ರದ ಪಟ್ಟಿಯಲ್ಲಿ ಇಡೀ ತಿಂಗಳು ನಾಲ್ಕು, ನಾಲ್ಕು, ನಾಲ್ಕು ಎಂದೇ ಇತ್ತು, ಅದೂ ಒಂದೇ ಶಾಯಿಯಲ್ಲಿ, ಒಂದೇ ಬೀಸಿನಲ್ಲಿ ಬರೆದ ಅಕ್ಷರಗಳಲ್ಲಿ. ಆಕೆಗೆ ಅನುಮಾನ ಬಂದು ಒಳಗಿನ ವಯಲ್‌ಗಳನ್ನು, ಅಂದರೆ ಲಸಿಕೆಯ ಪುಟ್ಟ ಸೀಸೆಗಳನ್ನು, ಒಂದೊಂದಾಗಿ ಬೆಳಕಿಗೆ ಹಿಡಿದಳು. ಲಸಿಕೆಯ ವಯಲ್ ಮೇಲೆ ಒಂದು ಸಣ್ಣ ಗುರುತು ಇರುತ್ತದೆ: ಗಾಢ ಬಣ್ಣದ ವೃತ್ತದೊಳಗೆ ತಿಳಿ ಬಣ್ಣದ ಚೌಕ. ಲಸಿಕೆಗೆ ಬಿಸಿ ತಾಗುತ್ತ ಹೋದಂತೆ ಚೌಕ ಕಪ್ಪಾಗುತ್ತದೆ. ಅದು ವೃತ್ತದಷ್ಟೇ ಕಪ್ಪಾದರೆ ಆ ವಯಲ್ಲನ್ನು ಬಳಸುವಂತಿಲ್ಲ. 1996ರಲ್ಲಿ ಪೋಲಿಯೊ ಹನಿಗಳ ವಯಲ್ ಮೇಲೆ ಮೊದಲು ಬಂದ ಈ ಪುಟ್ಟ ಗುರುತು ಅಕ್ಷರ ಬಾರದವರಿಗೂ ಅರ್ಥವಾಗುವಂಥದ್ದು. ಅಲ್ಲಿದ್ದ ಹನ್ನೊಂದು ವಯಲ್‌ಗಳಲ್ಲಿ ಏಳರ ಚೌಕ ವೃತ್ತದೊಳಗೆ ಕಾಣದಂತೆ ಕರಗಿಹೋಗಿತ್ತು. ಆಕೆ ಇದನ್ನು ಪರಿಶೀಲನಾ ಸಭೆಯಲ್ಲಿ ಹೇಳಿದಾಗ ಯಾರೂ ಬರೆದುಕೊಳ್ಳಲಿಲ್ಲ. ಎರಡು ವಾರಗಳ ನಂತರ ಭೇಟಿಗೆ ಬಂದ ವೈದ್ಯರೊಬ್ಬರು ಅದೇ ಮಾತನ್ನು ಹೇಳಿದರು. ಅಂದು ಸಂಜೆಯೇ ಪತ್ರ ಹೊರಟಿತು.

ಎರಡು ಘಟನೆಗಳು ಹೇಳಿದ್ದೇನು

ಈ ಎರಡೂ ಘಟನೆಗಳು ಒಂದೇ ದಿಕ್ಕನ್ನು ತೋರಿಸುತ್ತವೆ ಎಂದು ಆಕೆ ಭಾವಿಸಿದ್ದಳು. ನನಗೆ ಹಾಗೆನಿಸಲಿಲ್ಲ. ಮಗುವಿನ ಘಟನೆಯಲ್ಲಿ ಆಕೆಗೆ ಬೇಕಾಗಿದ್ದದ್ದು ಗುಣಪಡಿಸುವ ಕೈ. ಫ್ರಿಜ್ಜಿನ ಘಟನೆಯಲ್ಲಿ ಬೇಕಾಗಿದ್ದದ್ದು ಮಾತಿಗೆ ತೂಕ. ಮೊದಲನೆಯದನ್ನು ವೈದ್ಯಕೀಯ ಶಿಕ್ಷಣ ಕಲಿಸುತ್ತದೆ. ಎರಡನೆಯದನ್ನು ಅದು ಕಲಿಸುವುದಿಲ್ಲ, ಹೆಸರಿನ ಹಿಂದಿನ ಅಕ್ಷರಗಳ ಮೂಲಕ ತಂದುಕೊಡುತ್ತದೆ. ಈ ವ್ಯತ್ಯಾಸವನ್ನು ನಾನು ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎರಡನೆಯದೇ ನನ್ನನ್ನು ಹೆಚ್ಚು ಸುಟ್ಟಿದೆ" ಎಂದಳು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತನ್ನ ಮಾತು ಕೇಳಿಸಬೇಕೆಂಬ ಆಸೆಯನ್ನು ನಾನು ಕೀಳೆಂದು ಎಣಿಸುವುದಿಲ್ಲ. ಕೆಟ್ಟ ಲಸಿಕೆಯನ್ನು ನೂರಾರು ಮಕ್ಕಳಿಗೆ ಕೊಡುವುದನ್ನು ಕಣ್ಣಾರೆ ಕಂಡೂ ತಡೆಯಲಾಗದ ಸಂಕಟ ನಿಜವಾದದ್ದು. ಆರೋಗ್ಯ ಇಲಾಖೆಗಳಲ್ಲಿ, ಸಭೆಗಳಲ್ಲಿ, ಸಮಿತಿಗಳಲ್ಲಿ ವೈದ್ಯರ ಮಾತಿಗೆ ಸಿಗುವ ಮನ್ನಣೆ ಬೇರೆಯವರಿಗೆ ಸುಲಭವಾಗಿ ಸಿಗುವುದಿಲ್ಲ ಎಂಬುದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಸ್ಥಾಪನೆಯಾದಂದಿನಿಂದ ಅದರ ಮಹಾನಿರ್ದೇಶಕರಾದವರೆಲ್ಲ ವೈದ್ಯರೇ ಆಗಿದ್ದರು. 2017ರಲ್ಲಿ ಆಯ್ಕೆಯಾದ ಟೆಡ್ರೋಸ್ ಅಧನೋಮ್ ಘೆಬ್ರೆಯೇಸಸ್ ಅವರೇ ವೈದ್ಯಕೀಯ ಪದವಿಯಿಲ್ಲದ ಮೊದಲಿಗರು. ಅವರು ಜೀವಶಾಸ್ತ್ರ ಓದಿ, ಲಂಡನ್ನಿನಲ್ಲಿ ಸೋಂಕು ರೋಗಗಳ ಪ್ರತಿರಕ್ಷಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ನಾಟಿಂಗ್‌ಹ್ಯಾಮ್‌ನಲ್ಲಿ ಸಮುದಾಯ ಆರೋಗ್ಯದಲ್ಲಿ ಡಾಕ್ಟರೇಟ್ ಪಡೆದವರು. ಬಾಗಿಲು ತೆರೆಯಿತು ಎನ್ನುವುದಕ್ಕೆ ಇದು ಸಾಕ್ಷಿಯಾದರೆ, ಅದು ತೆರೆಯಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು ಎಂಬುದಕ್ಕೂ ಇದೇ ಸಾಕ್ಷಿ.

ಆದರೂ ಅಧಿಕಾರಕ್ಕಾಗಿ ಮಾತ್ರ ವೈದ್ಯಕೀಯ ಓದುವುದು ದುಬಾರಿ ವ್ಯವಹಾರ ಎಂಬುದು ನನ್ನ ಅಭಿಪ್ರಾಯ. ಆಕೆಗೆ ಸಿಕ್ಕಿದ್ದ ವೈದ್ಯಕೀಯ ಕೋರ್ಸ್ ಪದವಿಯ ಮೇಲೆ ನಾಲ್ಕು ವರ್ಷದ್ದು. ಅದಾದ ಮೇಲೆ ಆಯ್ದ ವಿಭಾಗಕ್ಕೆ ತಕ್ಕಂತೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಪಡೆಯುವ ತರಬೇತಿ. ಶಾಲೆ ಮುಗಿದ ಕೂಡಲೇ ವೈದ್ಯಕೀಯಕ್ಕೆ ಸೇರುವ ಪದ್ಧತಿಯಿರುವ ಕಡೆ ಮೂಲ ಪದವಿಗೇ ಐದಾರು ವರ್ಷ ಬೇಕು. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಒಂದರಿಂದ ಎರಡು ವರ್ಷದಲ್ಲಿ ಮುಗಿಯುತ್ತದೆ. ರೋಗಿಗಳನ್ನು ನೋಡುವ ಮನಸ್ಸೇ ಇಲ್ಲದವರು ಏಳೆಂಟು ವರ್ಷ ರಾತ್ರಿ ಪಾಳಿಗಳಲ್ಲಿ ರೋಗಿಗಳನ್ನು ನೋಡುತ್ತ ಕಳೆದರೆ ಅದು ಅವರಿಗೂ ಅನ್ಯಾಯ, ಆ ರೋಗಿಗಳಿಗೂ ಅನ್ಯಾಯ.

ಅಂಶ ಮತ್ತು ಛೇದ

ಎರಡು ಪದವಿಗಳ ನಡುವಿನ ಅಂತರವನ್ನು ವರ್ಷಗಳ ಲೆಕ್ಕದಲ್ಲಿ ಮಾತ್ರ ನೋಡಿದರೆ ತಪ್ಪಾಗುತ್ತದೆ. ಅವು ಕಣ್ಣಿಗೆ ಕೊಡುವ ತರಬೇತಿಯೇ ಬೇರೆ. ಇದನ್ನು ಆಕೆಗೆ ಒಂದು ಲೆಕ್ಕದ ಮೂಲಕ ವಿವರಿಸಿದೆ, ಅದನ್ನು ಇಲ್ಲಿಯೂ ಕೊಡುತ್ತೇನೆ.

ಒಂದು ಪ್ರದೇಶದಲ್ಲಿ ಸಾವಿರ ಮಕ್ಕಳಿದ್ದಾರೆ. 950 ಮಕ್ಕಳಿಗೆ ದಡಾರದ ಒಂದು ಡೋಸ್ ಲಸಿಕೆಯಾಗಿದೆ, 50 ಮಕ್ಕಳಿಗೆ ಆಗಿಲ್ಲ ಎಂದಿಟ್ಟುಕೊಳ್ಳಿ. ದಡಾರ ಬಂತೆಂದರೆ ರಕ್ಷಣೆಯಿಲ್ಲದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯನ್ನು ಹಿಡಿಯುತ್ತದೆ; ಒಂದು ಡೋಸ್ ಪಡೆದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ರಕ್ಷಣೆ ಬಂದಿರುವುದಿಲ್ಲ. ಈ ಲೆಕ್ಕದಂತೆ ಲಸಿಕೆಯಾಗದ 45 ಮಕ್ಕಳು, ಲಸಿಕೆಯಾದ ಸುಮಾರು 60 ಮಕ್ಕಳು ಕಾಯಿಲೆ ಬೀಳುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ನಿಂತ ವೈದ್ಯರಿಗೆ ಕಾಣುವುದು ಇಷ್ಟೇ: ಬಂದವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರು. ಲಸಿಕೆ ಕೆಲಸ ಮಾಡುತ್ತಿಲ್ಲವೆಂದು ಅವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ 60ರ ಕೆಳಗೆ 950ನ್ನೂ, 45ರ ಕೆಳಗೆ 50ನ್ನೂ ಬರೆದ ಕ್ಷಣ ಚಿತ್ರ ತಲೆಕೆಳಗಾಗುತ್ತದೆ: ಒಂದು ಕಡೆ ನೂರಕ್ಕೆ ಆರು, ಇನ್ನೊಂದು ಕಡೆ ನೂರಕ್ಕೆ ತೊಂಬತ್ತು. ಭಿನ್ನರಾಶಿಯ ಮೇಲಿನ ಸಂಖ್ಯೆ ಅಂಶ, ಕೆಳಗಿನದು ಛೇದ. ವೈದ್ಯರ ಮುಂದೆ ಬಂದು ಕುಳಿತುಕೊಳ್ಳುವುದು ಅಂಶ. ಛೇದ ಯಾರ ಮುಂದೆಯೂ ಬಂದು ಕುಳಿತುಕೊಳ್ಳುವುದಿಲ್ಲ. ಅದನ್ನು ಹುಡುಕಿಕೊಂಡು ಹೋಗಬೇಕು.

ಇದರರ್ಥ ಅಂಶದ ಕೆಲಸ ಸಣ್ಣದು ಎಂದಲ್ಲ, ಮತ್ತು ಇಲ್ಲಿ ನಾನು ನನ್ನ ವೃತ್ತಿಯ ಪಕ್ಷಪಾತವನ್ನು ಹಿಡಿದಿಟ್ಟುಕೊಂಡು ಬರೆಯಬೇಕಾಗಿದೆ. ಜಾಗತಿಕ ಆರೋಗ್ಯದ ಕೆಲವು ಮಹತ್ವದ ತಿರುವುಗಳು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಆಗಿವೆ. 1990ರ ದಶಕದ ಮಧ್ಯದಲ್ಲಿ, ಹಲವು ಔಷಧಿಗಳಿಗೆ ಬಗ್ಗದ ಕ್ಷಯರೋಗಕ್ಕೆ ಬಡ ದೇಶಗಳಲ್ಲಿ ಚಿಕಿತ್ಸೆ ಕೊಡುವುದು ದುಬಾರಿ, ಅಸಾಧ್ಯ ಎಂಬ ಅಭಿಪ್ರಾಯ ಬಲವಾಗಿತ್ತು. ಪೆರು ದೇಶದ ಲಿಮಾ ನಗರದ ಅಂಚಿನ ಬಡಾವಣೆಯಲ್ಲಿ ಪಾಲ್ ಫಾರ್ಮರ್ ಮತ್ತು ಜಿಮ್ ಯಾಂಗ್ ಕಿಮ್ ಎಂಬ ಅಮೆರಿಕದ ವೈದ್ಯರ ತಂಡ ಆ ರೋಗಿಗಳಿಗೆ ಚಿಕಿತ್ಸೆ ಕೊಟ್ಟು, ಗುಣಪಡಿಸಿ ತೋರಿಸಿತು. ಗುಣವಾಗುತ್ತದೆ ಎಂಬ ವಾದವನ್ನು ಗುಣಪಡಿಸಬಲ್ಲವರು ಮಾತ್ರ ಹಾಗೆ ಗೆಲ್ಲಬಲ್ಲರು. ಯಾವ ಕೋಷ್ಟಕವೂ ಆ ಕೆಲಸವನ್ನು ಮಾಡುತ್ತಿರಲಿಲ್ಲ. ಫಾರ್ಮರ್ ವೈದ್ಯಕೀಯದ ಜೊತೆಗೆ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದರು. 1987ರಲ್ಲಿ ಅವರೊಂದಿಗೆ ಬಡವರಿಗೆ ಚಿಕಿತ್ಸೆ ತಲುಪಿಸುವ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆಯನ್ನು ಕಟ್ಟಿ, ಮುಂದೆ ಹಲವು ವರ್ಷ ನಡೆಸಿದ ಒಫೀಲಿಯಾ ಡಾಲ್ ವೈದ್ಯರಲ್ಲ. ಒಂದೇ ಸಂಸ್ಥೆಗೆ ಇಬ್ಬರೂ ಬೇಕಾಗಿತ್ತು.

ಸಿಡುಬಿನ ನಿರ್ಮೂಲನೆಯೂ ಇದೇ ಮಾತನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಆ ಕಾರ್ಯಕ್ರಮವನ್ನು ಮುನ್ನಡೆಸಿದ ಡಿ. ಎ. ಹೆಂಡರ್ಸನ್ ವೈದ್ಯರು, ವೈದ್ಯಕೀಯ ಮುಗಿಸಿ, ರೋಗಗಳ ಜಾಡು ಹಿಡಿಯುವ ಕೆಲಸಕ್ಕೆ ಇಳಿದ ಮೇಲೆ 1960ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದರು. ಆದರೆ ಮನೆಮನೆಗೆ ಹೋಗಿ ಸಿಡುಬಿನ ಮಗುವಿನ ಚಿತ್ರವಿದ್ದ ಕಾರ್ಡು ತೋರಿಸಿ, "ಇಂಥ ಕಾಯಿಲೆ ಇಲ್ಲಿ ಯಾರಿಗಾದರೂ ಬಂದಿದೆಯೇ?" ಎಂದು ಕೇಳಿದವರಲ್ಲಿ ಬಹುಪಾಲು ಜನ ವೈದ್ಯರಾಗಿರಲಿಲ್ಲ. ಎರಡು ಮೊನೆಯ ಸೂಜಿ ಬಂದ ಮೇಲೆ ಲಸಿಕೆ ಹಾಕುವುದನ್ನು ಯಾರಿಗಾದರೂ ಅಲ್ಪ ಸಮಯದಲ್ಲಿ ಕಲಿಸಬಹುದಾಯಿತು. ಆ ಹುಡುಕಾಟವಿಲ್ಲದೆ, ಸಿಡುಬು ಜಗತ್ತಿನಿಂದ ಅಳಿಯಿತೆಂಬ 1980ರ ಮೇ 8ರ ಘೋಷಣೆ ಬರುತ್ತಿರಲಿಲ್ಲ.

ಹೆಂಡರ್ಸನ್ ಅವರ ಓದಿನ ಕ್ರಮ ನಮ್ಮ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದೆ. ವೈದ್ಯರಾದ ಮೇಲೆ ಸಾರ್ವಜನಿಕ ಆರೋಗ್ಯ ಓದುವುದು ಸುಲಭ. ಒಂದು ವರ್ಷ ಬಿಡುವು ಮಾಡಿಕೊಂಡರೆ ಸಾಕು, ಎರಡನ್ನೂ ಸೇರಿಸಿ ಕಲಿಸುವ ಕೋರ್ಸ್‌ಗಳೂ ಇವೆ. ಸಾರ್ವಜನಿಕ ಆರೋಗ್ಯ ಓದಿ, ಕೆಲಸಕ್ಕೆ ಸೇರಿ, ಮೂವತ್ತು ದಾಟಿದ ಮೇಲೆ ವೈದ್ಯಕೀಯಕ್ಕೆ ಮರಳುವುದು ಅಸಾಧ್ಯವಲ್ಲದಿದ್ದರೂ ಬಹಳ ಕಷ್ಟ. ಆದ್ದರಿಂದ ವೈದ್ಯಕೀಯದ ಪತ್ರವನ್ನು ಬಿಟ್ಟುಕೊಡುವುದೆಂದರೆ ಬಹುಮಟ್ಟಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಂತೆ ಎಂದು ಆಕೆಗೆ ಎಚ್ಚರಿಸಿದೆ. ಸ್ನಾತಕೋತ್ತರ ಪದವಿಗೂ ಮಿತಿಯಿದೆ: ಸಂಶೋಧನೆಯನ್ನು ತಾನೇ ಮುನ್ನಡೆಸಬೇಕಾದ ಹುದ್ದೆಗಳಲ್ಲಿ ವೈದ್ಯರಲ್ಲದವರಿಂದ ಹೆಚ್ಚಾಗಿ ಡಾಕ್ಟರೇಟ್ ಕೇಳುತ್ತಾರೆ. ಹಾಗಾಗಿ ಎರಡು ವರ್ಷ ಎಂಬ ಲೆಕ್ಕ ಕೊನೆಗೆ ಆರೇಳು ವರ್ಷವಾದರೂ ಆಗಬಹುದು.

ಆರು ವಾರಗಳ ನೋಟ್‌ಬುಕ್

ಮಾತಿನಿಂದ ತೀರ್ಮಾನವಾಗುವ ವಿಷಯ ಇದಲ್ಲವೆಂದು ತೋರಿದ್ದರಿಂದ ಒಂದು ಸಲಹೆ ಕೊಟ್ಟೆ. ಜನಸಂದಣಿಯ ಹೊರರೋಗಿ ವಿಭಾಗವೊಂದರಲ್ಲಿ, ಅನುಮತಿ ಪಡೆದು, ವೈದ್ಯರ ಪಕ್ಕದಲ್ಲಿ ಆರು ವಾರ ಕುಳಿತುಕೊಳ್ಳಬೇಕು; ಮನಸ್ಸನ್ನು ಹಿಡಿದ ಸಂಗತಿಗಳನ್ನು, ರೋಗಿಗಳ ಗುರುತಿಲ್ಲದೆ, ಪ್ರತಿದಿನ ಬರೆದಿಡಬೇಕು; ಏನನ್ನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಆಕೆ ಒಪ್ಪಿದಳು. ಅಲ್ಲಿನ ವೈದ್ಯರೂ ಉದಾರ ಮನಸ್ಸಿನವರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಳ್ಳಲು, ಹೊಟ್ಟೆ ಮುಟ್ಟಿ ನೋಡಲು ರೋಗಿಗಳ ಒಪ್ಪಿಗೆಯೊಂದಿಗೆ ಕಲಿಸಿದರು.

ಆರು ವಾರಗಳ ನಂತರ ಆಕೆ ತಂದ ನೋಟ್‌ಬುಕ್ಕನ್ನು ನಾನು ಇಂದಿಗೂ ಮರೆತಿಲ್ಲ. ಮೊದಲ ವಾರದ ಪುಟಗಳಲ್ಲಿ ರೋಗಗಳ ಹೆಸರು, ಔಷಧಿಗಳ ಹೆಸರು, ಕೇಳಿಸಿಕೊಂಡ ಎದೆಬಡಿತದ ವಿವರಣೆ ಇದ್ದವು. ಎರಡನೆಯ ವಾರದಲ್ಲಿ ಅಂಚಿನಲ್ಲೊಂದು ಹೊಸ ಸಾಲು ಕಾಣಿಸಿಕೊಂಡಿತು: ಕಾಯಿಲೆ ಶುರುವಾಗಿ ಎಷ್ಟು ದಿನಕ್ಕೆ ಬಂದರು. ಮೂರನೆಯ ವಾರದ ಹೊತ್ತಿಗೆ ಪುಟದ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಅಂಕಣ ಮಾಡಿದ್ದಳು. ಎಷ್ಟು ದೂರದಿಂದ ಬಂದರು, ಮೊದಲು ಯಾರ ಬಳಿ ಹೋಗಿದ್ದರು, ಯಾಕೆ ತಡವಾಯಿತು. ಐದನೆಯ ವಾರದ ಒಂದು ಪುಟದ ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, "ಮಂಗಳವಾರ ಆ ಕಡೆಯಿಂದ ಒಬ್ಬರೂ ಬರುವುದಿಲ್ಲ. ಯಾಕೆ?" ಎಂದಿತ್ತು. ರೋಗಗಳ ಹೆಸರಿನ ಅಂಕಣ ಆ ಪುಟದಲ್ಲಿ ಅರ್ಧ ಖಾಲಿಯಿತ್ತು.

ನಾನು ಏನೂ ಹೇಳದೆ ಆ ಪುಟವನ್ನು ಆಕೆಯ ಕಡೆ ತಿರುಗಿಸಿದೆ. ಆಕೆ ಬಹಳ ಹೊತ್ತು ನೋಡಿ, "ಬಂದವರ ಬಗ್ಗೆ ಬರೆಯುವುದನ್ನೇ ಬಿಟ್ಟುಬಿಟ್ಟಿದ್ದೇನೆ" ಎಂದಳು. ಮೂರು ದಿನಗಳ ನಂತರ ವೈದ್ಯಕೀಯ ಕಾಲೇಜಿಗೆ ನಿರಾಕರಣೆಯ ಪತ್ರ ಕಳುಹಿಸಿದಳು.

ಆ ಮೊದಲ ಘಟನೆಯ ಬಗ್ಗೆ ಒಂದು ಮಾತು ಸೇರಿಸಬೇಕು. ಮಗುವನ್ನು ಉಳಿಸಿದವರು ನರ್ಸ್, ಮತ್ತು ಅವರಿಂದ ಕಲಿತ ತಾಯಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬಂಗಾವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಓಆರ್‌ಎಸ್‌ನಂಥದೇ ಸಕ್ಕರೆ ಮತ್ತು ಉಪ್ಪಿನ ದ್ರಾವಣವನ್ನು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ವೈದ್ಯರೊಬ್ಬರ ಧೈರ್ಯದ ತೀರ್ಮಾನ ಮತ್ತು ವೈದ್ಯರಲ್ಲದ ಸಾವಿರಾರು ಕೈಗಳು ಅಲ್ಲಿ ಒಟ್ಟಿಗೆ ದುಡಿದವು. ಆ ಮಗುವಿನ ಪಕ್ಕದಲ್ಲಿ ಇರಬೇಕೆಂಬ ಆಸೆ ಆಕೆಯಲ್ಲಿ ಇನ್ನೂ ಬಲವಾಗಿದ್ದಿದ್ದರೆ, ನರ್ಸಿಂಗ್ ಎಂಬ ಮೂರನೆಯ ದಾರಿಯನ್ನೂ ನಾವು ಮೇಜಿನ ಮೇಲಿಟ್ಟು ನೋಡಬೇಕಿತ್ತು. ಆ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಆಮೇಲೆ ನಡೆದದ್ದು

ಆಕೆ 2019ರ ಕೊನೆಗೆ ಓದು ಆರಂಭಿಸಿದಳು. ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವನ್ನು ಆರಿಸಿಕೊಂಡಳು. ಮೊದಲ ವರ್ಷ ಮುಗಿಯುವ ಮೊದಲೇ ಕೋವಿಡ್ ಬಂತು. ತರಗತಿಯಲ್ಲಿ ಕಲಿತದ್ದನ್ನು ಅದೇ ವಾರ ಜಗತ್ತಿನ ಅಂಕಿಗಳ ಮೇಲೆ ಪ್ರಯೋಗಿಸುವ ಪರಿಸ್ಥಿತಿ ಯಾವ ವಿದ್ಯಾರ್ಥಿಗೂ ಬಾರದಿರಲಿ, ಆದರೆ ಆಕೆಯ ತಂಡದ ಕಲಿಕೆ ಅದರಿಂದ ಹರಿತವಾಯಿತು ಎಂಬುದು ಸತ್ಯ. 2021ರಲ್ಲಿ ಪದವಿ ಪಡೆದು, ವಿದೇಶಿ ನೆರವಿನಿಂದ ನಡೆಯುತ್ತಿದ್ದ ಲಸಿಕಾ ಕಾರ್ಯಕ್ರಮವೊಂದರಲ್ಲಿ ದತ್ತಾಂಶ ವಿಶ್ಲೇಷಕಿಯಾಗಿ ಸೇರಿದಳು. ಅಲ್ಲಿ ಶೀತಲ ಸರಪಳಿಯ, ಅಂದರೆ ಲಸಿಕೆಯನ್ನು ಉದ್ದಕ್ಕೂ ತಂಪಾಗಿಡುವ ವ್ಯವಸ್ಥೆಯ, ದಾಖಲೆಗಳನ್ನು ಪರಿಶೀಲಿಸುವ ಕ್ರಮವನ್ನು ರೂಪಿಸಿದವಳು ಆಕೆಯೇ. ಒಂದೇ ಸಂಖ್ಯೆ ಸತತ ಹತ್ತು ಬಾರಿ ಬಂದರೆ ಆ ಕೇಂದ್ರಕ್ಕೆ ಕೂಡಲೇ ಒಬ್ಬರನ್ನು ಕಳುಹಿಸುವುದು ಆ ಕ್ರಮದ ಮೊದಲ ನಿಯಮ. ಈಗ ಸಭೆಯಲ್ಲಿ ಆಕೆಯ ಮಾತು ದಾಖಲಾಗುತ್ತಿತ್ತು. ಅದಕ್ಕೆ ಪದವಿಗಿಂತ ಹೆಚ್ಚಾಗಿ, ಪ್ರತಿ ಮಾತಿನ ಹಿಂದೆ ಒಂದು ಕೋಷ್ಟಕವನ್ನು ಇಟ್ಟುಕೊಂಡು ಬರುವ ಅಭ್ಯಾಸ ಕಾರಣ ಎಂದು ಆಕೆ ನನಗೆ ಬರೆದಿದ್ದಳು.

2025ರಲ್ಲಿ ಹಲವು ಶ್ರೀಮಂತ ದೇಶಗಳು ವಿದೇಶಿ ನೆರವನ್ನು ಕಡಿತಗೊಳಿಸಿದವು. ಆಕೆಯ ಕಾರ್ಯಕ್ರಮ ಕೆಲವೇ ವಾರಗಳಲ್ಲಿ ನಿಂತಿತು. ಐದು ತಿಂಗಳು ಕೆಲಸವಿರಲಿಲ್ಲ, ಓದಿನ ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಈ ಪ್ರಕರಣದಲ್ಲಿ ನನ್ನ ಸಲಹೆಯ ಕೊರತೆ ಇಲ್ಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸ್ವಭಾವ, ಆಸಕ್ತಿ, ವರ್ಷಗಳು, ಪದವಿಯ ಮಿತಿ ಎಲ್ಲವನ್ನೂ ನಾವು ತೂಗಿದ್ದೆವು. ಆದರೆ ಕೆಲಸದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತೂಗಿರಲಿಲ್ಲ. ವೈದ್ಯರ ನೋಂದಣಿ ಆಯಾ ದೇಶಕ್ಕೆ ಸೀಮಿತ, ಗಡಿ ದಾಟಿದರೆ ಮತ್ತೆ ಪರೀಕ್ಷೆ, ಮತ್ತೆ ನೋಂದಣಿ ಎಂಬುದು ನಿಜ. ಆದರೆ ತಾನಿರುವ ದೇಶದಲ್ಲಿ ಅದು ಗಟ್ಟಿ ನೆಲ. ಯೋಜನೆ ನಿಂತ ಮರುದಿನವೂ ಕಾಯಿಲೆಯವರು ಬರುತ್ತಾರೆ. ವಿಶ್ಲೇಷಕರ ಕೆಲಸ ಬಹುಪಾಲು ಯಾರೋ ದೂರದಲ್ಲಿ ಮಂಜೂರು ಮಾಡುವ ಅನುದಾನದ ಮೇಲೆ ನಿಂತಿದೆ. ಆಕೆ 2019ರಲ್ಲಿ ವೈದ್ಯಕೀಯಕ್ಕೆ ಸೇರಿದ್ದರೆ 2025ರಲ್ಲಿ ರೆಸಿಡೆನ್ಸಿಯಲ್ಲಿ, ಸಂಬಳ ಪಡೆಯುತ್ತ ಇರುತ್ತಿದ್ದಳು. ಇಂದು ಇದೇ ಪ್ರಶ್ನೆ ಹಿಡಿದು ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಅನುದಾನ ನಿಂತ ದಿನ ನಿಮ್ಮ ಯಾವ ಕೌಶಲಕ್ಕೆ ಸ್ಥಳೀಯ ಸರ್ಕಾರ ಅಥವಾ ಆಸ್ಪತ್ರೆ ಸಂಬಳ ಕೊಡುತ್ತದೆ? ಸ್ನಾತಕೋತ್ತರ ಪದವಿಯನ್ನೇ ಆರಿಸಿಕೊಳ್ಳುವವರು ಸಂಖ್ಯಾಶಾಸ್ತ್ರ, ರೋಗ ಕಣ್ಗಾವಲು, ಪೂರೈಕೆ ವ್ಯವಸ್ಥೆಯಂಥ ಒಂದು ಗಟ್ಟಿ ಕೌಶಲವನ್ನು ಆಳವಾಗಿ ಕಲಿಯಬೇಕು. ಎಲ್ಲವನ್ನೂ ತುಸುತುಸು ಮುಟ್ಟಿಸುವ ಕೋರ್ಸ್ ಇಂಥ ದಿನಗಳಲ್ಲಿ ಕೈಹಿಡಿಯುವುದಿಲ್ಲ.

ಆ ಐದು ತಿಂಗಳಲ್ಲಿ ಆಕೆ ಒಮ್ಮೆ ಫೋನ್ ಮಾಡಿ, ಈಗಲಾದರೂ ವೈದ್ಯಕೀಯಕ್ಕೆ ಅರ್ಜಿ ಹಾಕಬಹುದೇ ಎಂದು ಕೇಳಿದಳು. ಹಾಕಬಹುದು, ಮೂವತ್ತು ವಯಸ್ಸು ಅಡ್ಡಿಯಲ್ಲ, ಆದರೆ ಕೆಲಸವಿಲ್ಲದ ಭಯದಲ್ಲಿ ಎಂಟು ವರ್ಷದ ತೀರ್ಮಾನ ತೆಗೆದುಕೊಳ್ಳಬೇಡಿ ಎಂದೆ. ಆ ನೋಟ್‌ಬುಕ್ ಇನ್ನೂ ಇದೆಯೇ ಎಂದೂ ಕೇಳಿದೆ. ಇದೆ ಎಂದಳು. ಅರ್ಜಿ ಹಾಕಲಿಲ್ಲ.

ಈಗ ಆಕೆ ಸರ್ಕಾರದ ರೋಗ ಕಣ್ಗಾವಲು ವಿಭಾಗದಲ್ಲಿ ಇದ್ದಾಳೆ. ಸಂಬಳ ಮೊದಲಿಗಿಂತ ಕಡಿಮೆ, ಹುದ್ದೆ ಕಾಯಂ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಆಕೆ ಮಾಡಿದ ಕೆಲಸವನ್ನು ನನಗೆ ಬರೆದು ತಿಳಿಸಿದ್ದಾಳೆ. ಪ್ರತಿ ಕೇಂದ್ರದಿಂದ ಬರುವ ವಾರದ ವರದಿಯಲ್ಲಿ, ಪ್ರಕರಣವಿಲ್ಲದಿದ್ದರೆ ಸೊನ್ನೆ ಎಂದು ಬರೆದು ಕಳುಹಿಸಬೇಕು. ವರದಿಯೇ ಬಾರದಿದ್ದರೆ ಆ ಮನೆ ಖಾಲಿ ಉಳಿಯುತ್ತದೆ. ಆ ಕಚೇರಿಯಲ್ಲಿ ಖಾಲಿ ಮನೆಗಳನ್ನೂ ಸೊನ್ನೆಯೆಂದೇ ಕೂಡುತ್ತ ಬಂದಿದ್ದರು. ಆಕೆ ಎರಡನ್ನೂ ಬೇರ್ಪಡಿಸಿ, ಖಾಲಿ ಉಳಿದ ಮನೆಗಳಿಗೆಲ್ಲ ಬಣ್ಣ ಹಚ್ಚಿದಳು. ಹದಿನೇಳು ಕೇಂದ್ರಗಳಿಂದ ತಿಂಗಳುಗಟ್ಟಲೆ ಏನೂ ಬಂದಿರಲಿಲ್ಲ. ಮುಂದಿನ ಸೋಮವಾರ ಮೊದಲನೆಯ ಕೇಂದ್ರಕ್ಕೆ ಹೋಗುತ್ತಿದ್ದೇನೆ ಎಂದು ಪತ್ರ ಮುಗಿಸಿದ್ದಳು.